ಕಿಲೋಮೀಟರ್ ಕಮ್ಮಿ ಓಡಿದ ಕಾರಿಗೂ ವರ್ಷಕ್ಕೊಂದು ಸರ್ವಿಸ್ ಬೇಕೇ?

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮ ಮನೆ. ಯಜಮಾನರು ಕತಾರಿನಲ್ಲಿದ್ದಾರೆ, ಕಾರು ಓಡಿಸುವುದು ನಾನೇ. ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಗೇರಿನದ್ದು. ಮೂರು ಕಿಲೋಮೀಟರ್ ದೂರದ ಶಾಲೆ, ಪೇಟೆ, ದೇವಸ್ಥಾನ ಎಲ್ಲ ಸೇರಿ ವರ್ಷಕ್ಕೆ ನಾಲ್ಕೈದು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ರಜೆಯಲ್ಲಿ ಒಮ್ಮೆ ಆಗುಂಬೆ ಘಾಟಿ ಹತ್ತಿ ಬೆಂಗಳೂರಿಗೆ ಹೋಗಿ ಬರುತ್ತೇವೆ. 10,000 ಕಿಲೋಮೀಟರಿಗೊಂದು ಸರ್ವಿಸ್ ಎನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಎರಡು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಲದೇ? ಮಳೆಗಾಲದಲ್ಲಿ ಬೆಳಿಗ್ಗೆ ಕಾರು ತೆಗೆಯುವಾಗ ಹಿಂದಿನಿಂದ 'ಟಕ್' ಎಂದು ಶಬ್ದ ಬರುತ್ತದೆ. ಎ.ಸಿ. ಹಾಕಿದರೆ ಮುಗ್ಗಲು ವಾಸನೆ. ಮುಂದಿನ ಎಡಬದಿಯ ಮ್ಯಾಟ್ ಆಗಾಗ ಒದ್ದೆಯಾಗಿರುತ್ತದೆ. ಇದಕ್ಕೆಲ್ಲ ಏನು ಕಾರಣ? ಮನೆಯಲ್ಲಿ ನಾನೇ ನೋಡಿಕೊಳ್ಳಬಹುದಾದದ್ದು ಏನೇನು ಉಂಟು?

ಉತ್ತರ: ಎರಡು ವರ್ಷ ಬಿಡಬೇಡಿ. ಕಾರಿನ ಜೊತೆ ಬಂದ ಪುಸ್ತಕವನ್ನು ಒಮ್ಮೆ ತೆರೆದು ನೋಡಿ. ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ '10,000 ಕಿಲೋಮೀಟರ್ ಅಥವಾ 12 ತಿಂಗಳು, ಯಾವುದು ಮೊದಲೋ ಅದು' ಎಂದಿರುತ್ತದೆ. ಆ ಎರಡನೇ ಭಾಗವನ್ನು ನಾವು ಓದುವುದೇ ಇಲ್ಲ. ನಿಮ್ಮ ಕಾರಿಗೆ ಅನ್ವಯಿಸುವುದು ಅದೇ. ಕರಾವಳಿಯಲ್ಲಿ ಕಾರು ಹಾಳಾಗುವುದು ಓಡಿ ಓಡಿ ಅಲ್ಲ, ನೀರು ಮತ್ತು ಉಪ್ಪುಗಾಳಿಯಲ್ಲಿ ನಿಂತು ನಿಂತು. ಜೂನಿನಿಂದ ಸೆಪ್ಟೆಂಬರ್ ತನಕ ಕಾರಿನ ಮೇಲೆ ಬಿದ್ದ ಮಳೆಯ ಲೆಕ್ಕ ಮೀಟರಿನಲ್ಲಿ ಬರುವುದಿಲ್ಲ.

ಶಾಲೆಯ ಮೂರು ಕಿಲೋಮೀಟರ್ ಇಂಜಿನಿಗೆ ಸುಲಭದ ಓಟ ಎಂದು ಕಾಣುತ್ತದೆ. ಇಂಜಿನಿಗೆ ಅದೇ ಕಷ್ಟ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಮ್ಮಿ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಸೈಲೆನ್ಸರಿನಲ್ಲಿ ಹೊರಗೆ ಹೋಗುತ್ತದೆ, ಸ್ವಲ್ಪ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲಿಗೆ ಸೇರುತ್ತದೆ. ಇಂಜಿನ್ ಚೆನ್ನಾಗಿ ಬಿಸಿಯಾದರೆ ಆ ನೀರು ಮತ್ತೆ ಆವಿಯಾಗಿ ಹೋಗುತ್ತದೆ. ಆದರೆ ಡ್ಯಾಶ್‌ಬೋರ್ಡಿನ ಮುಳ್ಳು ಮಧ್ಯಕ್ಕೆ ಬಂದ ಮಾತ್ರಕ್ಕೆ ಆಯಿಲ್ ಬಿಸಿಯಾಗಿದೆ ಎಂದಲ್ಲ. ಇಂಜಿನನ್ನು ತಣಿಸುವ ದ್ರವ, ಅಂದರೆ ಕೂಲೆಂಟ್, ಬೇಗ ಬಿಸಿಯಾಗುತ್ತದೆ, ಆಯಿಲಿಗೆ ಹದಿನೈದು ಇಪ್ಪತ್ತು ನಿಮಿಷದ ಓಟ ಬೇಕು. ಶಾಲೆಗೆ ಹೋಗಿ ಬರುವುದರೊಳಗೆ ಅದು ಆಗುವುದಿಲ್ಲ. ಹಾಗಾಗಿ ನೀರು ಒಳಗೇ ಉಳಿದು ಆಯಿಲಿನ ಗುಣ ಕೆಡಿಸುತ್ತದೆ, ಸೈಲೆನ್ಸರನ್ನು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಸ್ಟಾರ್ಟ್ ಮಾಡುವಾಗ ಖರ್ಚಾದ ಚಾರ್ಜನ್ನು ತುಂಬಿಕೊಳ್ಳಲು ಬ್ಯಾಟರಿಗೂ ಪುರುಸೊತ್ತು ಸಿಗುವುದಿಲ್ಲ.

ಇದಕ್ಕೆ ಮದ್ದು ಸುಲಭ. ವಾರಕ್ಕೊಮ್ಮೆ ಹೈವೇಯಲ್ಲಿ ಅರ್ಧ ಗಂಟೆ ಒಂದೇ ಹದದಲ್ಲಿ ಓಡಿಸಿ. ಕುಂದಾಪುರದ ತನಕ ಹೋಗಿ ಬಂದರೆ ಧಾರಾಳವಾಯಿತು. ಅಂಗಳದಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುವುದನ್ನು ಮಾತ್ರ ಮಾಡಬೇಡಿ. ಗಂಡಸರು ಊರಲ್ಲಿಲ್ಲದ ಮನೆಗಳಲ್ಲಿ ಇದೊಂದು ಅಭ್ಯಾಸವಾಗಿಬಿಟ್ಟಿದೆ. ಅದರಿಂದ ಪೆಟ್ರೋಲ್ ಖರ್ಚು, ನೀರೂ ಸೇರಿತು, ಚಾರ್ಜೂ ಸರಿಯಾಗಿ ಆಗಲಿಲ್ಲ.

ಇನ್ನು ನಿಮ್ಮ ಮೂರು ತೊಂದರೆಗಳು.

ಆ 'ಟಕ್' ಶಬ್ದ ಹೆಚ್ಚಾಗಿ ಹ್ಯಾಂಡ್ ಬ್ರೇಕಿನದ್ದು. ನಿಮ್ಮಂಥ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಡ್ರಮ್ ಬ್ರೇಕ್ ಇರುತ್ತದೆ. ಒದ್ದೆ ಕಾರನ್ನು ಹ್ಯಾಂಡ್ ಬ್ರೇಕ್ ಎಳೆದು ರಾತ್ರಿಯಿಡೀ ನಿಲ್ಲಿಸಿದರೆ ಡ್ರಮ್ಮಿನ ಒಳಮೈಗೆ ತೆಳ್ಳಗೆ ತುಕ್ಕು ಹಿಡಿದು ಅದನ್ನು ಒತ್ತಿ ಹಿಡಿಯುವ ಬ್ರೇಕ್ ಶೂ ಅದಕ್ಕೇ ಕಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಕಾರು ಎಳೆದಾಗ ಬಿಟ್ಟುಕೊಳ್ಳುವ ಶಬ್ದ ಅದು. ಅಂಗಳ ಸಮತಟ್ಟಾಗಿದ್ದರೆ ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಹಾಕಬೇಡಿ. ಫಸ್ಟ್ ಗೇರಿನಲ್ಲಿ ನಿಲ್ಲಿಸಿ, ಚಕ್ರದ ಮುಂದೆ ಹಿಂದೆ ಒಂದೊಂದು ಕಲ್ಲು ಕೊಡಿ. ಇಳಿಜಾರಾದರೆ ಈ ಮಾತು ಬೇಡ, ಹ್ಯಾಂಡ್ ಬ್ರೇಕ್ ಹಾಕಲೇಬೇಕು. ಒಂದು ಸಲ ಟಕ್ ಎಂದು ಬಿಟ್ಟುಕೊಂಡರೆ ಭಯವಿಲ್ಲ. ಬಿಟ್ಟುಕೊಳ್ಳದಿದ್ದರೆ ಆಕ್ಸಿಲರೇಟರ್ ಒತ್ತಿ ಎಳೆಯಬೇಡಿ, ರಿವರ್ಸಿಗೆ ಹಾಕಿ ಮೆಲ್ಲಗೆ ಹಿಂದೆ ಮುಂದೆ ಮಾಡಿ. ಓಡಿಸಿದ ಮೇಲೆ ಒಂದು ಹಿಂದಿನ ಚಕ್ರ ಮಾತ್ರ ಬಿಸಿಯಾಗಿ ಸುಟ್ಟ ವಾಸನೆ ಬಂದರೆ ಬ್ರೇಕ್ ಪೂರ್ತಿ ಬಿಟ್ಟಿಲ್ಲ ಎಂದು ತಿಳಿಯಿರಿ. ಅದು ಅದೇ ದಿನ ಗ್ಯಾರೇಜಿಗೆ ಹೋಗಬೇಕಾದ ವಿಷಯ. ಮುಂದಿನ ಡಿಸ್ಕಿನ ಮೇಲೆ ಬೆಳಿಗ್ಗೆ ಕಾಣುವ ಕಿತ್ತಳೆ ಬಣ್ಣದ ತುಕ್ಕಿಗೆ ಹೆದರಬೇಕಿಲ್ಲ, ನಾಲ್ಕು ಸಲ ಬ್ರೇಕ್ ಒತ್ತಿದರೆ ಉಜ್ಜಿ ಹೋಗುತ್ತದೆ.

ಮ್ಯಾಟ್ ಒದ್ದೆಯಾಗುವುದಕ್ಕೆ ಮೂರು ದಾರಿ ಉಂಟು. ಯಾವುದೆಂದು ನೀವೇ ಕಂಡುಹಿಡಿಯಬಹುದು. ಎ.ಸಿ. ಹಾಕಿ ಓಡಿಸಿದ ದಿನ ಮಾತ್ರ ಒದ್ದೆಯಾಗಿ, ನೀರು ತಿಳಿಯಾಗಿದ್ದರೆ ಅದು ಎ.ಸಿ.ಯ ನೀರು. ನಮ್ಮ ಊರಿನ ಹವೆಯಲ್ಲಿ ಎ.ಸಿ. ಹತ್ತು ನಿಮಿಷ ಓಡಿದರೆ ಕಾರಿನ ಅಡಿಯಲ್ಲಿ ನೀರು ತೊಟ್ಟಿಕ್ಕಲೇಬೇಕು. ನೆಲ ಒಣಗಿಯೇ ಇದ್ದು ಮ್ಯಾಟ್ ಒದ್ದೆಯಾದರೆ ಡ್ರೈನ್ ಪೈಪ್ ಕಟ್ಟಿದೆ ಎಂದರ್ಥ. ಗ್ಯಾರೇಜಿನಲ್ಲಿ ಅಡಿಯಿಂದ ಗಾಳಿ ಹೊಡೆದರೆ ಸಾಕು, ಸಣ್ಣ ಕೆಲಸ. ಎ.ಸಿ. ಹಾಕದೆ ಮಳೆ ಬಂದ ಮರುದಿನ ಒದ್ದೆಯಾಗಿ, ನೀರಿನಲ್ಲಿ ಕೆಸರು ಇದ್ದರೆ ಅದು ಮಳೆನೀರು. ಮುಟ್ಟಿದಾಗ ಜಿಗುಟಾಗಿ ಸಿಹಿ ವಾಸನೆ ಬಂದರೆ ಕೂಲೆಂಟ್ ಸೋರುತ್ತಿದೆ, ಅದನ್ನು ಹಾಗೇ ಬಿಡುವಂತಿಲ್ಲ.

ಮಳೆನೀರಾಗಿದ್ದರೆ ನನ್ನ ಅನುಮಾನ ಒಂದೇ ಜಾಗದ ಮೇಲೆ. ಬಾನೆಟ್ ಎತ್ತಿ, ಮುಂದಿನ ಗಾಜಿನ ಬುಡದಲ್ಲಿ ವೈಪರಿನ ಕೆಳಗೆ ಇರುವ ಕಪ್ಪು ಜಾಲರಿಯನ್ನು ನೋಡಿ. ಹಲಸಿನ ಮರದ ಅಡಿಯಲ್ಲೋ ತೆಂಗಿನ ಬುಡದಲ್ಲೋ ನಿಲ್ಲುವ ಕಾರಾದರೆ ಅದರೊಳಗೆ ಕೊಳೆತ ಎಲೆ, ತೆಂಗಿನ ಹೂವು, ಮಣ್ಣು ಸೇರಿ ಗೊಬ್ಬರವೇ ಆಗಿರುತ್ತದೆ. ಅಲ್ಲಿಂದ ನೀರು ಇಳಿದುಹೋಗುವ ತೂತು ಕಟ್ಟಿದರೆ ಆ ಜಾಗದಲ್ಲಿ ನೀರು ತುಂಬಿ, ಎ.ಸಿ.ಗೆ ಗಾಳಿ ಎಳೆಯುವ ದಾರಿಯಲ್ಲೇ ಕಾರಿನೊಳಗೆ ಇಳಿಯುತ್ತದೆ. ಕೈಯಿಂದ ಎಲೆ ತೆಗೆದು ಒಂದು ಚೆಂಬು ನೀರು ಮೆಲ್ಲಗೆ ಹೊಯ್ಯಿರಿ. ಮುಂದಿನ ಚಕ್ರದ ಹಿಂದೆ ಅದು ಸರಾಗವಾಗಿ ಸುರಿದರೆ ದಾರಿ ಬಿಟ್ಟಿದೆ. ಮಳೆಗಾಲದಲ್ಲಿ ತಿಂಗಳಿಗೆರಡು ಸಲವಾದರೂ ಈ ಎಲೆ ತೆಗೆಯುವ ಕೆಲಸ ಮಾಡಿ. ಇದನ್ನು ಸರ್ವಿಸಿನವರು ಹೇಳದೆ ಮಾಡುವುದು ಅಪರೂಪ.

ಮುಗ್ಗಲು ವಾಸನೆಗೂ ಇದೇ ತೇವ ಕಾರಣ. ಡ್ಯಾಶ್‌ಬೋರ್ಡಿನ ಎಡಗಡೆ ಸಾಮಾನು ಇಡುವ ಪೆಟ್ಟಿಗೆಯ ಹಿಂದೆ ಹೆಚ್ಚಿನ ಕಾರುಗಳಲ್ಲಿ ಎ.ಸಿ. ಫಿಲ್ಟರ್ ಇರುತ್ತದೆ. ಎಳೆದು ನೋಡಿ, ಕಪ್ಪಾಗಿ ಬೂಸ್ಟು ಹಿಡಿದಿದ್ದರೆ ಬದಲಿಸಿ. ತೊಳೆದು ಒಣಗಿಸಿ ಪುನಃ ಹಾಕುವ ವಸ್ತುವಲ್ಲ ಅದು. ಮನೆ ಮುಟ್ಟುವ ಎರಡು ಮೂರು ನಿಮಿಷ ಮೊದಲು ಎ.ಸಿ. ಆಫ್ ಮಾಡಿ ಫ್ಯಾನ್ ಮಾತ್ರ ಜೋರಾಗಿ ಇಡಿ, ಗಾಳಿಯನ್ನು ತಂಪು ಮಾಡುವ ಒಳಗಿನ ಕಾಯಿಲ್ ಒಣಗುತ್ತದೆ. ಇಷ್ಟರಲ್ಲೇ ಅರ್ಧಕ್ಕರ್ಧ ವಾಸನೆ ಹೋಗುತ್ತದೆ. ಅದಾದ ಮೇಲೂ ಉಳಿದರೆ ಕಾಯಿಲ್ ತೊಳೆಸಬೇಕು. ಸುಗಂಧದ ಬಾಟಲಿ ತೂಗುಹಾಕಿದರೆ ಬೂಸ್ಟು ಅಲ್ಲೇ ಉಳಿಯುತ್ತದೆ, ಮಕ್ಕಳು ಅದನ್ನೇ ಉಸಿರಾಡುತ್ತಾರೆ.

ಮನೆಯಲ್ಲೇ ನೋಡಿಕೊಳ್ಳುವ ವಿಷಯದಲ್ಲಿ ಮೊದಲು ಟಯರ್. ನಿಮ್ಮ ಕಾರಿನಲ್ಲಿ ಇದು ಮೋಸ ಮಾಡುವ ಜಾಗ. ಓಡಿದ್ದು ಕಮ್ಮಿಯಾದ್ದರಿಂದ ಟಯರಿನ ಮೈಮೇಲೆ ಕೊರೆದ ಗುಂಡಿಗಳು ಆಳವಾಗಿಯೇ ಇರುತ್ತವೆ, ನೋಡಿದವರು ಹೊಸದರ ಹಾಗೆ ಉಂಟು ಎನ್ನುತ್ತಾರೆ. ಆದರೆ ರಬ್ಬರಿಗೆ ವಯಸ್ಸಾಗುತ್ತದೆ. ಟಯರಿನ ಬದಿಯಲ್ಲಿ ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಕಾರಿನ ಜೊತೆ ಬಂದ ಟಯರೇ ಇನ್ನೂ ಇದ್ದರೆ ಏಳು ವರ್ಷ ದಾಟಿದೆ. ಬದಿಯನ್ನು ಬೆರಳಿನಿಂದ ಒತ್ತಿ ನೋಡಿ, ಕೂದಲೆಳೆಯಂಥ ಬಿರುಕು ಕಂಡರೆ ಬೆಂಗಳೂರು ಪ್ರಯಾಣಕ್ಕೆ ಮೊದಲು ಬದಲಿಸಿ. ಬಿರುಕು ಕಾಣದಿದ್ದರೂ ಈ ವಯಸ್ಸಿನಲ್ಲಿ ನಾನು ಬದಲಿಸಿ ಎಂದೇ ಹೇಳುತ್ತೇನೆ. ಗಟ್ಟಿಯಾದ ರಬ್ಬರಿಗೆ ಒದ್ದೆ ರಸ್ತೆಯಲ್ಲಿ ಹಿಡಿತ ಇಲ್ಲ, ನಾವು ವರ್ಷದ ಮೂರನೇ ಒಂದು ಭಾಗ ಓಡಿಸುವುದು ಒದ್ದೆ ರಸ್ತೆಯಲ್ಲಿ. ಗುಂಡಿಯ ಆಳ 1.6 ಮಿಲಿಮೀಟರಿಗೆ ಇಳಿದರೆ ಟಯರ್ ಮುಗಿದಂತೆ. ಗುಂಡಿಯೊಳಗೆ ಅಡ್ಡಕ್ಕೆ ಇರುವ ಸಣ್ಣ ದಿಣ್ಣೆ ಮೇಲ್ಮೈಗೆ ಸಮ ಬಂದಾಗ ಅಷ್ಟಾಯಿತೆಂದು ತಿಳಿಯುತ್ತದೆ. ನಮ್ಮ ಮಳೆಗೆ 3 ಮಿಲಿಮೀಟರ್ ಇರುವಾಗಲೇ ಬದಲಿಸುವುದು ಒಳ್ಳೆಯದು.

ಗಾಳಿ ಎಷ್ಟಿರಬೇಕೆಂದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕರಿನಲ್ಲಿ ಬರೆದಿರುತ್ತದೆ. ಬಂಕಿನ ಹುಡುಗ ಕೇಳಿದಾಗ ಅದೇ ಅಂಕಿ ಹೇಳಿ, ಎಲ್ಲರಿಗೂ ಹಾಕುವಷ್ಟು ಹಾಕಲು ಬಿಡಬೇಡಿ. ಹದಿನೈದು ದಿನಕ್ಕೊಮ್ಮೆ, ಟಯರ್ ತಣ್ಣಗಿರುವಾಗ ಹಾಕಿಸಿ. ಸ್ಟೆಪ್ನಿಗೂ ಹಾಕಿಸಿ. ಬೇಕಾದ ದಿನವೇ ಅದರಲ್ಲಿ ಗಾಳಿ ಇರುವುದಿಲ್ಲ.

ಆಯಿಲ್ ತಿಂಗಳಿಗೊಮ್ಮೆ ನೋಡಿ. ಕಾರು ಸಮತಟ್ಟಾದ ಜಾಗದಲ್ಲಿರಲಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಕಳೆಯಲಿ. ಆಯಿಲಿನ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ಹಳೆಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತೂರಿಸಿ, ಮತ್ತೆ ತೆಗೆದು ನೋಡಿ. ಎರಡು ಗುರುತುಗಳ ನಡುವೆ ಇದ್ದರೆ ಸರಿ. ಬಣ್ಣ ಕಪ್ಪಾದರೆ ಹೆದರಬೇಡಿ, ಕೆಲಸ ಮಾಡಿದ ಆಯಿಲ್ ಕಪ್ಪಾಗುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಕೆನೆಯಂಥ ಬಿಳಿ ಸ್ವಲ್ಪ ಕಂಡರೆ, ನಾನು ಮೇಲೆ ಹೇಳಿದ ಸಣ್ಣ ಓಟದ ನೀರು ಅದು. ಎರಡು ಮೂರು ಸಲ ದೂರ ಓಡಿಸಿದರೆ ಹೋಗಬೇಕು. ಡಿಪ್‌ಸ್ಟಿಕ್ಕಿಗೇ ಬಿಳಿ ಅಂಟಿ ಬಂದು, ಕೂಲೆಂಟೂ ಕಮ್ಮಿಯಾಗುತ್ತಿದ್ದರೆ ಕೂಲೆಂಟ್ ಆಯಿಲಿಗೆ ಸೇರುತ್ತಿದೆ. ಆಗ ಕಾರನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಮೆಕ್ಯಾನಿಕನ್ನೇ ಕರೆಸಿ.

ಕೂಲೆಂಟಿನ ಬಿಳಿ ಡಬ್ಬಿಯಲ್ಲಿ ಮಟ್ಟ ಹೊರಗಿನಿಂದಲೇ ಕಾಣುತ್ತದೆ. ಬಿಸಿಯಿರುವಾಗ ಮುಚ್ಚಳ ತೆಗೆಯುವುದು ಅಪಾಯ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಕಮ್ಮಿಯಾಯಿತೆಂದು ಬಾವಿನೀರು ಹೊಯ್ಯಬೇಡಿ. ಕಡಲ ಬದಿಯ ಬಾವಿಗಳಲ್ಲಿ ಬೇಸಗೆಗೆ ಉಪ್ಪು ಬರುತ್ತದೆ, ಅದು ರೇಡಿಯೇಟರನ್ನು ಒಳಗಿನಿಂದ ತಿನ್ನುತ್ತದೆ. ಬ್ಯಾಟರಿ ಟರ್ಮಿನಲ್ಲಿಗೆ ಬಿಳಿಯೋ ಹಸಿರೋ ಹುಡಿ ಹಿಡಿದಿದ್ದರೆ ತೆಗೆಸಿ ವ್ಯಾಸಲಿನ್ ಹಚ್ಚಿ. ಬೆಳಿಗ್ಗೆ ಸೆಲ್ಫ್ ಎಳೆಯುವ ಶಬ್ದ ನಿಧಾನವಾಗಿದ್ದರೆ ಬ್ಯಾಟರಿ ಪರೀಕ್ಷೆ ಮಾಡಿಸಿ. ಬ್ರೇಕ್ ಲೈಟ್ ಉರಿಯುತ್ತದೋ ಎಂದು ನೋಡಲು ಇನ್ನೊಬ್ಬರು ಬೇಡ, ರಾತ್ರಿ ಹಿಂಬದಿಯನ್ನು ಗೋಡೆಗೆ ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿದರೆ ಎರಡೂ ಬದಿಯ ಕೆಂಪು ಗೋಡೆಯಲ್ಲಿ ಕಾಣುತ್ತದೆ. ವೈಪರ್ ರಬ್ಬರ್ ಬೇಸಗೆಯ ಬಿಸಿಲಿಗೆ ಒಣಗಿ ಸೀಳುತ್ತದೆ, ವರ್ಷವೂ ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರದೊಳಗೆ, ಹೊಸದು ಹಾಕಿ. ಅದರ ವೆಚ್ಚ ಲೆಕ್ಕಕ್ಕೆ ಹಿಡಿಯುವಷ್ಟಲ್ಲ.

ಈಗ ನೀವು ಕೇಳದೆ ಬಿಟ್ಟದ್ದು, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು: ಬ್ರೇಕ್ ಆಯಿಲ್.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಎಳೆದುಕೊಳ್ಳುವ ದ್ರವ. ಮುಚ್ಚಳ ಭದ್ರವಾಗಿದ್ದರೂ ರಬ್ಬರ್ ಪೈಪುಗಳ ಮೂಲಕ ತಿಂಗಳು ತಿಂಗಳಿಗೆ ಸ್ವಲ್ಪ ಸ್ವಲ್ಪ ನೀರು ಸೇರುತ್ತದೆ. ನಮ್ಮ ಹವೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಡಾಟ್ 4 ಎಂಬ ಬಗೆಯ ಆಯಿಲ್ ಹೊಸದಿರುವಾಗ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಅದರ ಮಾನದಂಡ. ಶೇಕಡಾ 3.7ರಷ್ಟು ನೀರು ಸೇರಿದಾಗ ಅದೇ ಮಾನದಂಡ 155 ಡಿಗ್ರಿಗೆ ಇಳಿಯುತ್ತದೆ. ಬ್ರಹ್ಮಾವರದಿಂದ ಉಡುಪಿಗೆ ಹೋಗಿ ಬರುವಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಬೆಂಗಳೂರಿನಿಂದ ಮರಳುವಾಗ. ಕಾರಿನ ತುಂಬ ಜನ, ಸಾಮಾನು, ಆಗುಂಬೆಯ 14 ತಿರುವು. ಪ್ರತಿ ತಿರುವಿಗೂ ಬ್ರೇಕ್ ಒತ್ತುತ್ತ ಇಳಿದರೆ ಡಿಸ್ಕ್ ಕಾದು, ಆ ಬಿಸಿ ಆಯಿಲಿಗೆ ದಾಟಿ, ಅದರೊಳಗಿನ ನೀರು ಆವಿಯ ಗುಳ್ಳೆಯಾಗುತ್ತದೆ. ದ್ರವವನ್ನು ಒತ್ತಿದರೆ ಬ್ರೇಕ್ ಹಿಡಿಯುತ್ತದೆ, ಗುಳ್ಳೆಯನ್ನು ಒತ್ತಿದರೆ ಪೆಡಲ್ ಮೆತ್ತಗೆ ನೆಲದ ತನಕ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಆದ್ದರಿಂದ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಬೇಕು. ಮಟ್ಟ ಕಮ್ಮಿಯಾದಾಗ ಮೇಲಿಂದ ತುಂಬಿಸಿದರೆ ಬದಲಿಸಿದಂತೆ ಆಗುವುದಿಲ್ಲ. ಮಟ್ಟ ತಾನಾಗಿ ಇಳಿದಿದ್ದರೆ ಒಂದೋ ಬ್ರೇಕ್ ಪ್ಯಾಡ್ ಸವೆದಿದೆ, ಇಲ್ಲ ಎಲ್ಲೋ ಸೋರುತ್ತಿದೆ, ತುಂಬಿಸುವ ಮೊದಲು ಅದನ್ನು ನೋಡಬೇಕು. ನಿಮ್ಮ ಕಾರಿಗೆ ಏಳು ವರ್ಷದಲ್ಲಿ ಎಷ್ಟು ಸಲ ಬದಲಿಸಿದ್ದಾರೆ ಎಂದು ಹಳೆಯ ಬಿಲ್ಲುಗಳಲ್ಲಿ ಹುಡುಕಿ. ಕಾಣದಿದ್ದರೆ ಒಮ್ಮೆಯೂ ಬದಲಿಸಿಲ್ಲ ಎಂದೇ ತಿಳಿದು ಈ ಸಲ ಮಾಡಿಸಿ. ಘಾಟಿ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಯಿರಿ, ಇಂಜಿನ್ ಕಾರನ್ನು ಹಿಡಿದುಕೊಳ್ಳುತ್ತದೆ. ನ್ಯೂಟ್ರಲಿನಲ್ಲಿ ಇಳಿಸಿ ಪೆಟ್ರೋಲ್ ಉಳಿಸಲು ಹೋಗುವವರ ಮಾತು ಕೇಳಬೇಡಿ.

ತುಕ್ಕಿನ ವಿಷಯ. ಹೊರಗೆ ಕಾಣುವ ತುಕ್ಕು ತಡವಾಗಿ ಕಂಡ ತುಕ್ಕು. ಅದು ಶುರುವಾಗುವುದು ಬಾಗಿಲಿನ ಕೆಳಅಂಚು, ಚಕ್ರದ ಮೇಲಿನ ಕಮಾನಿನ ಒಳಮಡಿಕೆ, ಬಾಗಿಲ ಕೆಳಗಿನ ಹೊಸ್ತಿಲು, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿ, ಇಂಥ ಕಡೆ. ಪ್ರತಿ ಬಾಗಿಲಿನ ಕೆಳಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿವೆ. ಗಾಜು ಇಳಿಯುವ ಸಂದಿಯಿಂದ ಬಾಗಿಲೊಳಗೆ ಹೋದ ಮಳೆನೀರು ಹೊರಬರುವುದು ಅಲ್ಲಿಂದಲೇ. ಕೆಂಪುಮಣ್ಣು ಅದನ್ನು ಮುಚ್ಚಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ಹಿಡಿಸೂಡಿಯ ಒಂದು ಕಡ್ಡಿ ಮುರಿದು ತೂತಿಗೆ ಹಾಕಿ ಬಿಡಿಸಿ. ಬಾಗಿಲು ಅಲುಗಿಸಿದಾಗ ಒಳಗೆ ನೀರು ಕುಲುಕಿದ ಶಬ್ದ ಬಂದರೆ ಈಗಾಗಲೇ ಕಟ್ಟಿದೆ.

ಮಲ್ಪೆಗೋ ಮರವಂತೆಗೋ ಹೋಗಿ ಬಂದ ದಿನ ಕಾರಿನ ಮೈಗಿಂತ ಅಡಿಗೆ ನೀರು ಹೊಡೆಯಿರಿ. ಚಕ್ರದ ಕಮಾನಿನೊಳಗೆ ಪೈಪ್ ಹಿಡಿದು ಕೆಸರು ಉದುರುವ ತನಕ ಬಿಡಿ, ಒಳ್ಳೆಯ ಸಿಹಿನೀರು ಇರಲಿ. ಕೆಸರು ಅಲ್ಲೇ ಅಂಟಿದ್ದರೆ ಬಿಸಿಲು ಬಂದಮೇಲೂ ವಾರಗಟ್ಟಲೆ ತೇವ ಹಿಡಿದಿರುತ್ತದೆ. ಇನ್ನೊಂದು, ಬಂದರಿನಿಂದ ಮೀನು ತರುವುದಾದರೆ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಟಬ್ ಇಟ್ಟೇ ತನ್ನಿ. ಮಂಜುಗಡ್ಡೆ ಕರಗಿದ ಉಪ್ಪುನೀರು ತೊಟ್ಟೆಯಿಂದ ಸೋರಿ ಸ್ಟೆಪ್ನಿ ಗುಂಡಿಗೆ ಇಳಿದರೆ ವಾಸನೆಯ ಜೊತೆ ತಗಡೂ ಹೋಗುತ್ತದೆ. ಒದ್ದೆ ಕಾರಿಗೆ ಕವರ್ ಹೊದಿಸಬೇಡಿ. ಗಾಳಿಯಾಡುವ ಮಾಡಿನ ಅಡಿಯಲ್ಲಿ ಹಾಗೇ ನಿಂತರೆ ಅದಕ್ಕಿಂತ ಎಷ್ಟೋ ವಾಸಿ.

ಕಾರಿನ ಅಡಿಗೆ ತುಕ್ಕು ತಡೆಯುವ ಕೋಟಿಂಗ್ ಮಾಡಿಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಮಾಡಿಸಬಹುದು, ಆದರೆ ಜನವರಿ ಫೆಬ್ರವರಿಯ ಒಣ ದಿನಗಳಲ್ಲಿ, ಅಡಿ ತೊಳೆದು ಪೂರ್ತಿ ಒಣಗಿದ ಮೇಲೆ. ಮೇ ಕೊನೆಯಲ್ಲಿ ಅವಸರಕ್ಕೆ ಬೆಳಿಗ್ಗೆ ತೊಳೆದು ಮಧ್ಯಾಹ್ನ ಹೊಡೆದರೆ ತೇವವನ್ನು ಒಳಗೆ ಇಟ್ಟು ಬೀಗ ಹಾಕಿದಂತೆ. ಡ್ರೈನ್ ತೂತುಗಳನ್ನು ಮುಚ್ಚದಿರಲು ಮೊದಲೇ ಹೇಳಿ.

ಬಾನೆಟ್ ಎತ್ತಿದಾಗಲೆಲ್ಲ ಇಲಿಯ ಗುರುತು ಹುಡುಕಿ: ಹಿಕ್ಕೆ, ತೆಂಗಿನ ನಾರು, ಕಚ್ಚಿದ ಸ್ಪಂಜು. ಭತ್ತ, ಕೊಬ್ಬರಿ, ಕೋಳಿಯ ಆಹಾರ ಇಡುವ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸದಿದ್ದರೆ ಅರ್ಧ ಕಾಟ ತಪ್ಪುತ್ತದೆ. ನುಸಿಗುಳಿಗೆ ಇಡಬೇಡಿ, ಅದರ ಗಾಳಿ ಎ.ಸಿ.ಯಲ್ಲಿ ಒಳಗೆ ಬರುತ್ತದೆ.

ರಸ್ತೆಯಲ್ಲಿ ನೀರು ನಿಂತಿದ್ದು ಎದುರಿನ ವಾಹನಗಳ ಅರ್ಧ ಚಕ್ರ ಮುಳುಗುತ್ತಿದ್ದರೆ ಹೋಗಬೇಡಿ. ನೀರಿನ ನಡುವೆ ಕಾರು ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಲು ಹೋಗಲೇಬಾರದು. ಆಫ್ ಆದಾಗ ಬರೀ ಸ್ವಲ್ಪ ನೀರು ಎಳೆದುಕೊಂಡಿರಬಹುದು, ಪುನಃ ಕೀ ತಿರುಗಿಸಿದಾಗ ಪಿಸ್ಟನ್ ಆ ನೀರನ್ನು ಒತ್ತಲು ಹೋಗಿ, ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇಂಜಿನ್ ಬಿಚ್ಚುವ ಖರ್ಚು ಬರುವುದು ಆ ಎರಡನೇ ಪ್ರಯತ್ನದಿಂದ. ಮಕ್ಕಳನ್ನು ಇಳಿಸಿ, ಕಾರನ್ನು ತಳ್ಳಿಸಿ ಬದಿಗೆ ಹಾಕಿ, ಎಳೆದುಕೊಂಡು ಹೋಗಲು ಹೇಳಿ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಡಬ್ಬಿಯ ಕೆಂಪು ದೀಪ ಅಥವಾ ಬಿಸಿಯ ಕೆಂಪು ದೀಪ ಬಂದಾಗಲೂ ಇಂಜಿನ್ ಅಲ್ಲೇ ನಿಲ್ಲಿಸಬೇಕು. ಹಳದಿ ಇಂಜಿನ್ ದೀಪ ಸುಮ್ಮನೆ ಉರಿದರೆ ಮೆಲ್ಲಗೆ ಮನೆ ಸೇರಬಹುದು, ಮಿನುಗುತ್ತಿದ್ದರೆ ಬೇಡ.

ಸರ್ವಿಸಿಗೆ ಯಾವಾಗ ಕೊಡುವುದೆಂದರೆ, ಮೇ ಎರಡನೇ ವಾರದೊಳಗೆ ಕೊಡಿ. ಪತ್ತನಾಜೆ ಕಳೆದ ಮೇಲೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಗ್ಯಾರೇಜಿನವರಾದ ನಮಗೂ ಕೆಲಸ ನಿಧಾನವಾಗಿ ನೋಡಲು ಆಗುವುದಿಲ್ಲ. ಆಯಿಲ್, ಆಯಿಲ್ ಫಿಲ್ಟರ್ ಬದಲಿಸುವುದು, ನಾಲ್ಕೂ ಚಕ್ರ ಬಿಚ್ಚಿ ಬ್ರೇಕ್ ಸ್ವಚ್ಛ ಮಾಡಿ ಪಿನ್ನುಗಳಿಗೆ ಗ್ರೀಸ್ ಹಚ್ಚುವುದು, ಬ್ರೇಕ್ ಆಯಿಲ್ ಬದಲಿಸುವುದು, ಎ.ಸಿ. ಡ್ರೈನ್ ಮತ್ತು ಗಾಜಿನ ಬುಡದ ಜಾಲರಿ, ಇಷ್ಟನ್ನು ಚೀಟಿಯಲ್ಲಿ ಬರೆದು ಕೊಡಿ. ಇಂಜಿನ್ ಫ್ಲಶ್, ಒಳಗೆ ಪಾಲಿಶ್, ಪೆಟ್ರೋಲಿಗೆ ಹಾಕುವ ಬಾಟಲಿ ಎಂದು ಸೇರಿಸಲು ಬಂದರೆ ಬೇಡ ಎನ್ನಿ. ಬದಲಿಸಿದ ಹಳೆಯ ಫಿಲ್ಟರ್, ಪ್ಯಾಡುಗಳನ್ನು ತೋರಿಸಲು ಮೊದಲೇ ಹೇಳಿಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ನವರಾತ್ರಿ ಕಳೆದು ಮಳೆ ನಿಂತಮೇಲೆ ಒಮ್ಮೆ ಲಿಫ್ಟಿಗೆ ಏರಿಸಿ ಅಡಿ ತೊಳೆಸಿ, ಹಿಂದಿನ ಡ್ರಮ್ ಬಿಚ್ಚಿ ನೋಡಿಸಿ. ಮಗಳೋ ಮಗನೋ ಜೊತೆಗಿದ್ದರೆ ಕಾರು ಮೇಲಿರುವಾಗ ನೀವೂ ಅಡಿಗೆ ಹೋಗಿ ಟಾರ್ಚ್ ಹಿಡಿದು ನೋಡಿ, ಎಲ್ಲಿ ತುಕ್ಕು ಉಂಟೆಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಜಾಗದ ಫೋಟೊ ಪಕ್ಕದಲ್ಲಿಟ್ಟರೆ ತುಕ್ಕು ಬೆಳೆದಿದೆಯೋ ನಿಂತಿದೆಯೋ ಎಂಬುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.